ಬೇರು ಕೊಳೆತ ಪಾಯಿನ್‌ಸೆಟಿಯಾ ಮತ್ತೆ ಕೆಂಪಾದ ಬಗೆ: ಒಂದು ವರ್ಷದ ದಾಖಲೆ

2023ರ ಡಿಸೆಂಬರ್ ಮೂರನೆಯ ವಾರದಲ್ಲಿ ಬೆಂಗಳೂರಿನ ನರ್ಸರಿಯೊಂದರಿಂದ ಆರು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದ್ದ ಪಾಯಿನ್‌ಸೆಟಿಯಾ ಗಿಡವೊಂದನ್ನು 250 ರೂಪಾಯಿ ಕೊಟ್ಟು ಮನೆಗೆ ತಂದೆ. ನಮ್ಮಲ್ಲಿ ಹಲವರು ಇದನ್ನು ಕ್ರಿಸ್‌ಮಸ್ ಗಿಡ ಎಂದೇ ಕರೆಯುತ್ತಾರೆ. ಕೊಂಬೆಗಳ ತುದಿಯಲ್ಲಿ ಅಂಗೈಯಗಲದ ಕೆಂಪು ಎಲೆಗಳು ಚಕ್ರದಂತೆ ಹರಡಿಕೊಂಡಿದ್ದವು. ಕುಂಡಕ್ಕೆ ಬಂಗಾರದ ಬಣ್ಣದ ಹೊಳೆಯುವ ಕಾಗದ ಸುತ್ತಿದ್ದರು. ಮೂರೇ ವಾರಗಳಲ್ಲಿ ಆ ಗಿಡ ಸಾಯುವ ಸ್ಥಿತಿಗೆ ಬಂತು. ಅದನ್ನು ಉಳಿಸಿಕೊಂಡು ಮರುವರ್ಷದ ಡಿಸೆಂಬರಿನಲ್ಲಿ ಮತ್ತೆ ಕೆಂಪಾಗಿಸುವ ತನಕ ಮಾಡಿದ ಕೆಲಸಗಳನ್ನೂ ತಪ್ಪುಗಳನ್ನೂ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಜನವರಿ ಕೊನೆಯ ಹೊತ್ತಿಗೆ ನಮ್ಮ ಬಡಾವಣೆಯ ಕಸದ ಗಾಡಿಯಲ್ಲಿ ಇಂತಹ ಗಿಡಗಳು ಒಂದರ ಮೇಲೊಂದು ಬಿದ್ದಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಎತ್ತಿ ನೋಡಿದವುಗಳಲ್ಲಿ ಕೆಲವಕ್ಕೆ ಎಲೆ ಮಾತ್ರ ಉದುರಿತ್ತು, ಕಾಂಡ ಇನ್ನೂ ಹಸಿಯಾಗಿತ್ತು. ಹಾಗೆ ಎಸೆಯುವ ಮೊದಲು ಯಾರಾದರೂ ಒಮ್ಮೆ ಕುಂಡವನ್ನು ಬೋರಲು ಹಾಕಿ ಬೇರು ನೋಡಲಿ ಎಂಬ ಆಸೆಯಿಂದ ಈ ದಾಖಲೆಯನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಜನವರಿ: ಒದ್ದೆ ಮಣ್ಣಿನಲ್ಲಿ ಬಾಡಿದ ಗಿಡ

ಜನವರಿ 9ರ ಬೆಳಿಗ್ಗೆ ಗಿಡದ ಎಲೆಗಳೆಲ್ಲ ಜೋತುಬಿದ್ದಿದ್ದವು. ಕೆಳಗಿನ ಎಲೆಗಳು ಹಳದಿಯಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದವು. ನೀರು ಸಾಲದೆ ಬಾಡಿರಬೇಕೆಂದುಕೊಂಡು ಅರ್ಧ ಚೊಂಬು ನೀರು ಹಾಕಿದೆ. ಮರುದಿನ ಇನ್ನೂ ಹೆಚ್ಚು ಬಾಡಿತು. ಆಗ ಬೆರಳನ್ನು ಮಣ್ಣಿಗೆ ಇಳಿಸಿ ನೋಡಿದಾಗ ಎರಡು ಇಂಚು ಕೆಳಗೆ ಕೆಸರಿನಷ್ಟು ಒದ್ದೆ ಇತ್ತು. ಒಣ ಮಣ್ಣಿನಲ್ಲಿ ಬಾಡಿದ ಗಿಡಕ್ಕೆ ನೀರು ಬೇಕು. ಒದ್ದೆ ಮಣ್ಣಿನಲ್ಲಿ ಬಾಡಿದ ಗಿಡಕ್ಕೆ ನೀರು ಹೀರುವ ಬೇರೇ ಇಲ್ಲವೆಂದು ಅರ್ಥ. ನೋಡಲು ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ನಾವು ಎರಡಕ್ಕೂ ನೀರನ್ನೇ ಹಾಕುತ್ತೇವೆ, ಎರಡನೆಯದನ್ನು ನಮ್ಮ ಕೈಯಾರೆ ಮುಗಿಸುತ್ತೇವೆ.

ಕಾಗದ ಬಿಚ್ಚಿದಾಗ ಕಾರಣ ಸಿಕ್ಕಿತು. ಅದರ ಒಳಮೈಗೆ ಪ್ಲಾಸ್ಟಿಕ್ ಲೇಪವಿತ್ತು; ಕುಂಡದ ತೂತಿನಿಂದ ಇಳಿದ ನೀರು ಹೊರಗೆ ಹೋಗಲಾರದೆ ಒಂದು ಇಂಚಿನಷ್ಟು ನಿಂತು, ಕೊಳಚೆ ವಾಸನೆ ಬರುತ್ತಿತ್ತು. ಮೂರು ವಾರಗಳಿಂದ ಬೇರಿನ ತಳಭಾಗ ಆ ನೀರಿನಲ್ಲಿಯೇ ಮುಳುಗಿತ್ತು. ಕುಂಡವನ್ನು ಓರೆಯಾಗಿ ಹಿಡಿದು ಅಂಚಿಗೆ ತಟ್ಟಿ ಬೇರಿನ ಉಂಡೆಯನ್ನು ಹೊರಗೆ ತೆಗೆದೆ. ಒಳಗೆ ಇದ್ದುದು ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್; ನರ್ಸರಿಯವರು ಸಾಗಣೆಗೆ ಹಗುರವಾಗಲೆಂದು ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಮೇಲ್ಭಾಗದ ಬೇರುಗಳು ಬೆಳ್ಳಗಿದ್ದವು. ಕೆಳಗಿನ ಅರ್ಧಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಅಂತಹ ಒಂದು ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಹೊರಸಿಪ್ಪೆ ಲೋಳೆಯಾಗಿ ಕೈಗೆ ಬಂತು, ಒಳಗಿನ ತೆಳ್ಳನೆಯ ನಾರು ದಾರದಂತೆ ಹಾಗೆಯೇ ಉಳಿಯಿತು. ಪೈಥಿಯಂ ಎಂಬ ಸೂಕ್ಷ್ಮಜೀವಿ ತರುವ ಬೇರುಕೊಳೆಯನ್ನು ಮನೆಯಲ್ಲಿಯೇ ಗುರುತಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೆ ಇಲ್ಲ. ಕಾಂಡದ ಬುಡವನ್ನು ಉಗುರಿನಿಂದ ಗೀರಿ ನೋಡಿದೆ: ಸಿಪ್ಪೆಯ ಕೆಳಗೆ ಹಸಿರಿತ್ತು, ಗೀರಿದಲ್ಲಿ ಬಿಳಿಯ ಹಾಲು ಒಸರಿತು. ಬುಡದಲ್ಲಿಯೇ ಕಂದು ಕಲೆ ಬಿದ್ದು ಕಾಂಡ ಮೆತ್ತಗಾಗಿದ್ದರೆ ಅದು ಕಾಂಡಕೊಳೆ. ಆಗ ಗಿಡವನ್ನು ಉಳಿಸುವ ಪ್ರಯತ್ನ ಬಿಟ್ಟು ಮೇಲಿನ ಆರೋಗ್ಯವಂತ ತುದಿಗಳಿಂದ ಹೊಸ ಗಿಡಕ್ಕೆ ಕಡ್ಡಿ ಮಾಡಿಕೊಳ್ಳುವುದೇ ಸರಿಯಾದ ದಾರಿ.

ದುರಸ್ತಿ ಹೀಗೆ ನಡೆಯಿತು. ಸ್ಪಿರಿಟ್ಟಿನಿಂದ ಒರೆಸಿದ ಕತ್ತರಿಯಿಂದ ಕಂದು ಬೇರುಗಳನ್ನೆಲ್ಲ ಬಿಳಿಯ ಭಾಗದವರೆಗೆ ಕತ್ತರಿಸಿದೆ. ಉಂಡೆ ಅರ್ಧಕ್ಕಿಂತ ಸಣ್ಣದಾಯಿತು. ಬೇರು ಕಡಿಮೆಯಾದ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿದರೆ ಹೀರುವವರಿಲ್ಲದ ಮಣ್ಣು ಮತ್ತೆ ಒದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಹಿಂದಿನದಕ್ಕಿಂತ ಚಿಕ್ಕದಾದ, ಐದು ಇಂಚಿನ ಸುಟ್ಟ ಮಣ್ಣಿನ ಕುಂಡವನ್ನು ಆರಿಸಿದೆ. ಮಣ್ಣಿನ ಕುಂಡದ ಮೈಯೇ ತೇವವನ್ನು ಹೊರಗೆ ಬಿಡುತ್ತದೆ. ಮಿಶ್ರಣಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿದೆ. ಜೊತೆಗೆ ಒಂದು ಚಮಚ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿದೆ. ಅದು ಕೊಳೆತ ಬೇರನ್ನು ಗುಣಪಡಿಸಲಾರದು, ಹೊಸ ಬೇರಿಗೆ ಕಾವಲಾಗಬಲ್ಲದು. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಬೋರಲಾಗಿ ಇಟ್ಟು ನೆಟ್ಟೆ. ಮೇಲಿನ ಕೆಂಪು ಎಲೆಗಳನ್ನು ಕತ್ತರಿಸಿ ತೆಗೆಯುವಾಗ ಮನಸ್ಸಿಗೆ ಹಿತವೆನಿಸಲಿಲ್ಲ. ಆದರೆ ಅರ್ಧ ಬೇರಿಗೆ ಪೂರ್ತಿ ಎಲೆಯ ಭಾರ ಹೊರಿಸುವಂತಿರಲಿಲ್ಲ.

ಮುಂದಿನ ನಾಲ್ಕು ವಾರ ನೆರಳಿನ ಬೆಳಕಿನಲ್ಲಿಟ್ಟು, ಗೊಬ್ಬರವನ್ನೇ ಕೊಡದೆ, ಮೇಲಿನ ಒಂದು ಇಂಚು ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿದೆ. ಕುಂಡವನ್ನು ಎತ್ತಿ ತೂಕ ನೋಡುವ ಅಭ್ಯಾಸವನ್ನೂ ಆಗಲೇ ಮಾಡಿಕೊಂಡೆ. ನೀರು ಕುಡಿದ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸ ಒಂದು ವಾರದಲ್ಲಿ ಕೈಗೆ ತಿಳಿದುಬಿಡುತ್ತದೆ, ಆಮೇಲೆ ಬೆರಳು ಇಳಿಸುವ ಅಗತ್ಯವೂ ಬೀಳುವುದಿಲ್ಲ. ಫೆಬ್ರವರಿ 11ರಂದು ಮೂರನೆಯ ಗೆಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಮೊಗ್ಗೊಂದು ಕಂಡಿತು.

ಮಾರ್ಚ್: ಕತ್ತರಿಸಿದ್ದು, ಕಡ್ಡಿ ನೆಟ್ಟಿದ್ದು

ಮಾರ್ಚ್ 3ರಂದು ಎಲ್ಲ ಕೊಂಬೆಗಳನ್ನೂ ಮಣ್ಣಿನಿಂದ ಆರು ಇಂಚು ಎತ್ತರಕ್ಕೆ, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದೆ. ಪಾಯಿನ್‌ಸೆಟಿಯಾ ಕಳ್ಳಿಗಳ ಬಳಗಕ್ಕೆ ಸೇರಿದ್ದು. ಬೊಂತಕಳ್ಳಿಯ ಹಾಗೆಯೇ ಇದರ ಕಡಿದ ಬಾಯಿಂದ ಬಿಳಿಯ ಹಾಲು ಸುರಿಯುತ್ತದೆ. ಅದು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಈ ಗಿಡ ಮಾರಣಾಂತಿಕ ವಿಷವೆಂಬ ಮಾತು ಎಲ್ಲೆಡೆ ಹಬ್ಬಿದೆ. ಅದು ನಿಜವಲ್ಲ. ಎಲೆ ಜಗಿದ ಮಗುವಿಗೋ ನಾಯಿಗೋ ಬಾಯುರಿ, ವಾಂತಿ ಆಗಬಹುದು, ಆದ್ದರಿಂದ ಎಟುಕದಂತೆ ಇಡಬೇಕು. ಭಯಪಟ್ಟು ಗಿಡವನ್ನೇ ಬಿಸಾಡಬೇಕಾಗಿಲ್ಲ.

ಕತ್ತರಿಸಿದ ತುದಿಗಳಲ್ಲಿ ಏಳನ್ನು ಕಡ್ಡಿಗಳಾಗಿ ಆರಿಸಿ, ತಲಾ ನಾಲ್ಕು ಇಂಚಿಗೆ ಇಳಿಸಿ, ಹಾಲು ನಿಲ್ಲುವ ತನಕ ತಣ್ಣೀರಿನಲ್ಲಿ ಅದ್ದಿಟ್ಟೆ. ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೋಕೋಪೀಟ್ ಸಮಪಾಲಿನ ಮಿಶ್ರಣದಲ್ಲಿ ನೆಟ್ಟು, ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮುಚ್ಚಿದೆ. ನಾಲ್ಕು ವಾರಕ್ಕೆ ನಾಲ್ಕು ಕಡ್ಡಿ ಬೇರು ಬಿಟ್ಟವು. ಮೂರು ಬುಡದಲ್ಲಿ ಕಪ್ಪಾಗಿ ಹೋದವು. ಹೋದ ಮೂರೂ ಕಡಿದ ಬಾಯಿಯ ಹಾಲು ಆರಿ ಒಣಗುವ ಮೊದಲೇ ಅವಸರದಲ್ಲಿ ನೆಟ್ಟವು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಳೆಯ ಬಂಗಲೆಗಳ ಆವರಣದಲ್ಲಿ ಕಾಣುವ ಪಾಯಿನ್‌ಸೆಟಿಯಾ ಆಳೆತ್ತರಕ್ಕೂ ಮೀರಿ, ಕೊಂಬೆ ಕಡಿಮೆಯಾಗಿ, ಉದ್ದುದ್ದ ಬೆಳೆಯುತ್ತದೆ. ಕುಂಡದಲ್ಲಿ ಮಾರುವ ಗಿಡ ಮಾತ್ರ ಗಿಡ್ಡಗೆ, ಪೊದೆಯಂತೆ ಕವಲೊಡೆಯುತ್ತದೆ. ಬೆಳೆಗಾರರು ಬಳಸುವ ಬೆಳವಣಿಗೆ ತಡೆಯುವ ಔಷಧಿ ಅದಕ್ಕೆ ಅರ್ಧ ಕಾರಣ. ಉಳಿದರ್ಧ ಕಾರಣ ಗಿಡದೊಳಗೆ ವಾಸಿಸುವ ಫೈಟೋಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಿ ಎಂಬುದು 1997ರಲ್ಲಿ ಅಮೆರಿಕದ ವಿಜ್ಞಾನಿಗಳಿಂದ ತಿಳಿದುಬಂತು. ನಮ್ಮ ಶ್ರೀಗಂಧದ ಮರಗಳನ್ನು ಕೊಲ್ಲುವ ಸ್ಪೈಕ್ ರೋಗವನ್ನು ತರುವುದೂ ಇದೇ ಬಗೆಯ ಜೀವಿಯೇ. ಅಲ್ಲಿ ಮರವನ್ನು ಒಣಗಿಸುವ ಈ ಬಗೆಯ ಜೀವಿ ಇಲ್ಲಿ ಗಿಡಕ್ಕೆ ತುಂಬು ಕವಲು ಕೊಡುತ್ತದೆ ಎಂಬುದನ್ನು ಓದಿದಂದಿನಿಂದ ನನಗೆ ಈ ಗಿಡದ ಮೇಲಿನ ಕುತೂಹಲ ಇಮ್ಮಡಿಯಾಗಿದೆ. ಕಡ್ಡಿಯಿಂದ ಮಾಡಿದ ಗಿಡಕ್ಕೆ ಅದು ತಾಯಿಗಿಡದಿಂದಲೇ ಬರುತ್ತದೆ; ಬೀಜದಿಂದ ಬಂದ ಗಿಡಕ್ಕೆ ಬರುವುದಿಲ್ಲ.

ಏಪ್ರಿಲ್ ಮತ್ತು ಮೇ: ಉಪ್ಪಿನ ನೀರಿನಿಂದಾದ ಹಾನಿ

2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಸ್ಥಿತಿ ಹೇಗಿತ್ತೆಂಬುದು ಇಲ್ಲಿದ್ದವರೆಲ್ಲರಿಗೂ ನೆನಪಿರುತ್ತದೆ. ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಆದೇಶಿಸಿತ್ತು, ಮೀರಿದರೆ 5,000 ರೂಪಾಯಿ ದಂಡ. ಆ ಆದೇಶ ಸರಿಯಾಗಿಯೇ ಇತ್ತು. ನಾನು ಅಡುಗೆಮನೆಯ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಎಲ್ಲ ಗಿಡಗಳಿಗೂ ಹಾಕತೊಡಗಿದೆ. ದಾಸವಾಳ, ಕರಿಬೇವುಗಳಿಗೆ ಏನೂ ಆಗಲಿಲ್ಲ. ಪಾಯಿನ್‌ಸೆಟಿಯಾ ತಡೆಯಲಿಲ್ಲ.

ಏಪ್ರಿಲ್ ಎರಡನೆಯ ವಾರದಲ್ಲಿ ಎಲೆಗಳ ಅಂಚು ಸುಟ್ಟಂತೆ ಕಂದಾಗತೊಡಗಿತು. ಮಣ್ಣಿನ ಕುಂಡದ ಹೊರಮೈಯಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿತು. ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಅದು ಬಿಸಿಲಿನಿಂದ ಆದದ್ದೆಂದು ಮೊದಲು ತಪ್ಪಾಗಿ ತಿಳಿದೆ, ಏಕೆಂದರೆ ಆ ತಿಂಗಳ ಕೊನೆಯಲ್ಲಿ ಊರಿನ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಕುಂಡವನ್ನು ನೆರಳಿಗೆ ಸರಿಸಿದರೂ ಸುಡುವುದು ನಿಲ್ಲದಿದ್ದಾಗ ಸ್ನೇಹಿತರೊಬ್ಬರಿಂದ ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆಯೆಂದು ತೋರಿಸುವ ಟಿಡಿಎಸ್ ಮೀಟರ್ ತಂದು ಅಳೆದೆ. ನಮ್ಮ ಬೋರ್‌ವೆಲ್ ನೀರು 720, ಯಂತ್ರ ಹೊರಬಿಡುವ ನೀರು 1,250. ನೀರಿನಲ್ಲಿದ್ದ ಲವಣವನ್ನೆಲ್ಲ ಯಂತ್ರ ಸೋಸಿ ಆ ಬಕೆಟ್ಟಿಗೇ ಬಿಡುತ್ತದೆ. ನಾನು ಅದನ್ನು ಆರು ವಾರ ಒಂದು ಸಣ್ಣ ಕುಂಡಕ್ಕೆ ತುಂಬಿಸಿದ್ದೆ. ಅಲ್ಲಿಂದ ಮುಂದೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಮಾತ್ರ, ಉಪ್ಪು ಹಾಕುವ ಮೊದಲೇ ತೆಗೆದಿಟ್ಟು, ಬಳಸಿದೆ. ಆರ್‌ಓ ನೀರು ನೆಲ ಒರೆಸುವುದಕ್ಕೆ ಹೋಯಿತು.

ಸೇರಿಕೊಂಡ ಉಪ್ಪನ್ನು ತೊಳೆಯಲು ಕುಂಡದ ಗಾತ್ರದ ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಬೇಕು. ಅಷ್ಟು ನೀರು ಆಗ ಇರಲಿಲ್ಲ. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಮಳೆ ಶುರುವಾಗುತ್ತಲೇ ಕುಂಡವನ್ನು ತೆರೆದ ತಾರಸಿಗೆ ಒಯ್ದು ಎರಡು ಇಟ್ಟಿಗೆಗಳ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ತೂತಿನಿಂದ ಇಳಿಯುತ್ತಿದ್ದ ನೀರನ್ನು ಲೋಟದಲ್ಲಿ ಹಿಡಿದು ಅಳೆದಾಗ 310 ತೋರಿಸಿತು. ಎರಡು ವಾರದಲ್ಲಿ ಬಂದ ಹೊಸ ಎಲೆಗಳಲ್ಲಿ ಸುಟ್ಟ ಅಂಚು ಇರಲಿಲ್ಲ.

ಜೂನ್‌ನಿಂದ ಆಗಸ್ಟ್: ಹಳದಿ ಎಲೆ, ಬಿಳಿನೊಣ, ಚಿವುಟುವುದು

ಮಳೆಗಾಲದಲ್ಲಿ ಗಿಡವನ್ನು ಏಳು ಇಂಚಿನ ಕುಂಡಕ್ಕೆ ಬದಲಾಯಿಸಿ, ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ಕರಗಿಸಿ ಕೊಟ್ಟೆ. ಜುಲೈನಲ್ಲಿ ಎಲೆಗಳು ಮತ್ತೆ ಹಳದಿಯಾದವು. ಹಳದಿ ಎಲೆ ಎಂಬ ಒಂದೇ ಮಾತಿನಲ್ಲಿ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುವುದರಿಂದ, ಯಾವ ಎಲೆ, ಯಾವ ಭಾಗ, ನರ ಯಾವ ಬಣ್ಣ ಎಂಬ ಮೂರನ್ನು ನೋಡದೆ ಔಷಧಿ ಹಾಕಬಾರದು. ತುದಿಯ ಎಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಮಣ್ಣನ್ನು ಕ್ಷಾರವಾಗಿಸಿದಾಗ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಇದೇ ಚಿತ್ರ ಕೆಳಗಿನ ಹಳೆಯ ಎಲೆಗಳಲ್ಲಿ ಕಂಡರೆ ಅದು ಮೆಗ್ನೀಸಿಯಂ ಕೊರತೆ. ಕೆಳಗಿನ ಎಲೆ ನರಸಹಿತ ಇಡಿಯಾಗಿ ಹಳದಿಯಾಗಿ ಉದುರಿದರೆ ಸಾರಜನಕದ ಕೊರತೆಯೋ ಬೇರಿನ ತೊಂದರೆಯೋ ಇರಬೇಕು. ನನ್ನ ಗಿಡದಲ್ಲಿ ಕಂಡದ್ದು ಎರಡನೆಯದು. ಲೀಟರಿಗೆ ಎರಡು ಗ್ರಾಂ ಎಪ್ಸಂ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಕರಗಿಸಿ ವಾರಕ್ಕೊಮ್ಮೆಯಂತೆ ಮೂರು ಸಲ ಬುಡಕ್ಕೆ ಹಾಕಿದೆ. ಆಗಲೇ ಹಳದಿಯಾಗಿದ್ದ ಎಲೆಗಳು ಪೂರ್ತಿ ಹಸಿರಿಗೆ ಮರಳಲಿಲ್ಲ, ಆದರೆ ಹಳದಿ ಮೇಲಕ್ಕೆ ಏರುವುದು ನಿಂತಿತು.

ಕೀಟಗಳಲ್ಲಿ ಈ ಗಿಡವನ್ನು ಅತಿಯಾಗಿ ಕಾಡುವುದು ಬಿಳಿನೊಣ. ಜುಲೈ 20ರಂದು ನೀರು ಹಾಕುವಾಗ ಎಲೆಗೆ ಕೈ ತಾಗಿ, ಅಕ್ಕಿಹಿಟ್ಟು ಚಿಮ್ಮಿದಂತೆ ಹತ್ತಾರು ನೊಣಗಳು ಎದ್ದು ಮತ್ತೆ ಅಲ್ಲೇ ಕುಳಿತವು. ಎಲೆ ಮಗುಚಿ ಭೂತಗನ್ನಡಿ ಹಿಡಿದು ನೋಡಿದರೆ ತಳಭಾಗದಲ್ಲಿ ಚಲನೆಯಿಲ್ಲದ, ಪಾರದರ್ಶಕವಾದ, ಚಪ್ಪಟೆ ಬಿಲ್ಲೆಗಳಂತಹ ಮರಿಗಳು ಅಂಟಿಕೊಂಡಿದ್ದವು. ಅವು ಸುರಿಸಿದ ಜೇನಿನಂತಹ ಅಂಟು ಕೆಳಗಿನ ಎಲೆಗಳ ಮೇಲೆ ಹೊಳೆಯುತ್ತಿತ್ತು. ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅದು ಬೆರೆಯುವಷ್ಟು ದ್ರವ ಸೋಪು ಹಾಕಿ ಕುಲುಕಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಗಳ ತಳಭಾಗಕ್ಕೆ ಸಿಂಪಡಿಸಿದೆ. ಬಹಳಷ್ಟು ಜನ ಒಮ್ಮೆ ಸಿಂಪಡಿಸಿ, ನೊಣ ಮಾಯವಾಯಿತೆಂದು ನಿಲ್ಲಿಸಿಬಿಡುತ್ತಾರೆ. ಮೊಟ್ಟೆಗಳಿಗೆ ಈ ಸಿಂಪಡಣೆ ಅಷ್ಟಾಗಿ ತಟ್ಟುವುದಿಲ್ಲ. ಮೊಟ್ಟೆಯಿಂದ ನೊಣವಾಗಲು ನಮ್ಮ ಹವೆಯಲ್ಲಿ ಸುಮಾರು ಮೂರು ವಾರ ಬೇಕು. ಆದ್ದರಿಂದ ಆರು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಸಿಂಪಡಿಸಿದೆ, ಪಕ್ಕದಲ್ಲಿ ಹಳದಿ ಅಂಟುಹಾಳೆ ತೂಗುಹಾಕಿದೆ. ಹಾಳೆಗೆ ಮೊದಲ ವಾರ ಬಿದ್ದವು 64, ನಾಲ್ಕನೆಯ ವಾರ 3.

ಹಿಟ್ಟುತಿಗಣೆ ಎರಡೇ ಗೆಣ್ಣುಗಳಲ್ಲಿ ಇತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದೇ ಸಾಕಾಯಿತು. ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣಗಳು ಮೇಲ್ಮಣ್ಣು ಸದಾ ಒದ್ದೆಯಾಗಿದೆಯೆಂಬುದರ ಗುರುತು. ಮೇಲೆ ಅರ್ಧ ಇಂಚು ಮರಳು ಹರಡಿ ನೀರು ತಗ್ಗಿಸಿದಾಗ ಅವು ಹೋದವು.

ಆಗಸ್ಟ್ 12ರಂದು ಪ್ರತಿ ಕೊಂಬೆಯ ತುದಿಯನ್ನು ಕೆಳಗೆ ಐದು ಎಲೆಗಳು ಉಳಿಯುವಂತೆ ಚಿವುಟಿದೆ. ಅದೇ ಆ ವರ್ಷದ ಕೊನೆಯ ಚಿವುಟು. ಚಿವುಟಿದ ಪ್ರತಿಯೊಂದು ತುದಿಯಿಂದ ಮೂರೋ ನಾಲ್ಕೋ ಕವಲುಗಳು ಬರುತ್ತವೆ, ಬಣ್ಣ ಬರುವುದು ಆ ಕವಲುಗಳ ತುದಿಯಲ್ಲಿ. ಸೆಪ್ಟೆಂಬರ್ ನಡುಭಾಗ ದಾಟಿದ ಮೇಲೆ ಚಿವುಟಿದರೆ ಕವಲು ಬಲಿಯುವಷ್ಟು ಸಮಯ ಸಿಗುವುದಿಲ್ಲ.

ಸೆಪ್ಟೆಂಬರ್ 25ರಿಂದ: ಕತ್ತಲೆಯ ಕೆಲಸ

ನಾವು ಹೂವೆಂದು ಕರೆಯುವ ಕೆಂಪು ಭಾಗ ಎಲೆಯೇ. ನಿಜವಾದ ಹೂವು ನಡುವಿನಲ್ಲಿರುವ ಹಳದಿ ಬಾಯಿಯ ಪುಟ್ಟ ಹಸಿರು ಬಟ್ಟಲುಗಳು. ಆ ಬಟ್ಟಲುಗಳು ಮೂಡುವುದಕ್ಕೂ ಸುತ್ತಲಿನ ಎಲೆ ಕೆಂಪಾಗುವುದಕ್ಕೂ ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದ, ನಡುವೆ ಕಡಿಯದ ಕತ್ತಲೆ ವಾರಗಟ್ಟಲೆ ಬೇಕು. ಗಿಡಕ್ಕೆ ಗೊಬ್ಬರ, ಬಿಸಿಲು, ನೀರು ಎಲ್ಲವನ್ನೂ ಕೊಟ್ಟು ಕತ್ತಲೆ ಕೊಡದಿದ್ದರೆ ಅದು ಹಚ್ಚಗೆ, ಸೊಂಪಾಗಿ, ಹಸಿರಾಗಿಯೇ ಇರುತ್ತದೆ. ನನಗೆ ಈ ಒಂದು ವರ್ಷದಲ್ಲಿ ತಿಳಿದ ವಿಷಯಗಳಲ್ಲಿ ಇದೇ ಮುಖ್ಯವಾದದ್ದು.

ಈ ಗಿಡದ ತವರು ಮೆಕ್ಸಿಕೋ. ಅಮೆರಿಕದ ರಾಯಭಾರಿಯಾಗಿದ್ದ ಜೋಯಲ್ ರಾಬರ್ಟ್ಸ್ ಪಾಯಿನ್‌ಸೆಟ್ ಅಲ್ಲಿನ ಟ್ಯಾಕ್ಸ್ಕೋ ಪ್ರದೇಶದಲ್ಲಿ ಇದನ್ನು ಕಂಡು 1828ರ ಸುಮಾರಿಗೆ ತಮ್ಮ ದೇಶಕ್ಕೆ ಕಳುಹಿಸಿದರು, ಗಿಡಕ್ಕೆ ಅವರ ಹೆಸರು ಅಂಟಿಕೊಂಡಿತು. ಅದಕ್ಕೂ ಮೊದಲು ಆಜ್ಟೆಕ್ ಜನ ಇದನ್ನು ಕ್ವೆಟ್ಲಾಶೋಚಿಟ್ಲ್ ಎಂದು ಕರೆಯುತ್ತಿದ್ದರು. ನಕಾಶೆಯಲ್ಲಿ ಟ್ಯಾಕ್ಸ್ಕೋ ಹೆಚ್ಚುಕಡಿಮೆ ನಮ್ಮ ಬೀದರ್ ಜಿಲ್ಲೆಯ ಅಕ್ಷಾಂಶದಲ್ಲಿದೆ. ಹಾಗಾಗಿ ಹಗಲು–ರಾತ್ರಿಗಳ ಅಳತೆಯಲ್ಲಿ ಕರ್ನಾಟಕ ಈ ಗಿಡಕ್ಕೆ ಪರದೇಶವೇನೂ ಅಲ್ಲ. ಆದರೆ ಬೆಂಗಳೂರು ಬೀದರಿಗಿಂತ ಐದು ಡಿಗ್ರಿ ದಕ್ಷಿಣಕ್ಕಿದೆ. ಇಲ್ಲಿ ವರ್ಷದ ಅತಿ ದೀರ್ಘ ರಾತ್ರಿ, ಡಿಸೆಂಬರ್ 21ರ ಆಸುಪಾಸಿನದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸುಮಾರು 12 ಗಂಟೆ 40 ನಿಮಿಷ. ಅದರಲ್ಲಿ ಸಂಜೆ ಬೆಳಕು, ಮುಂಜಾನೆ ಬೆಳಕುಗಳನ್ನು ಕಳೆದರೆ ಉಳಿಯುವುದು ಗಿಡಕ್ಕೆ ಅಂಚಿನ ಮೇಲೆ ಸಾಕಾಗುವಷ್ಟು ಮಾತ್ರ. ಒಂದು ಬೀದಿ ದೀಪ, ಹಜಾರದ ಒಂದು ಟ್ಯೂಬ್‌ಲೈಟ್ ಆ ಲೆಕ್ಕವನ್ನು ಕೆಡಿಸಿಬಿಡಬಲ್ಲವು.

ಇದನ್ನು ಕಣ್ಣಾರೆ ನೋಡಬೇಕೆಂದು ಗಿಡಗಳನ್ನು ಮೂರು ಕಡೆ ಇಟ್ಟೆ. ತಾಯಿಗಿಡವನ್ನು ರಟ್ಟಿನ ಪೆಟ್ಟಿಗೆಯ ಕೆಳಗೆ. ಕಡ್ಡಿಯಿಂದ ಬಂದ ಒಂದು ಮರಿಯನ್ನು ಸಂಜೆಯ ಮೇಲೆ ದೀಪ ಹಾಕದ ಹಿಂದಿನ ಯುಟಿಲಿಟಿಯಲ್ಲಿ. ಇನ್ನೊಂದನ್ನು ಬೀದಿ ದೀಪ ನೇರವಾಗಿ ಬೀಳುವ ಮುಂದಿನ ಬಾಲ್ಕನಿಯಲ್ಲಿ. ಉಳಿದೆರಡು ಮರಿಗಳನ್ನು ಎರಡನೆಯ ಮಹಡಿಯವರಿಗೆ ಕೊಟ್ಟೆ.

ಪೆಟ್ಟಿಗೆ ವಾಷಿಂಗ್ ಮೆಷಿನ್ ಬಂದ ರಟ್ಟಿನದು. ಒಳಗೆ ಕಪ್ಪು ಕಾಗದ ಅಂಟಿಸಿ, ಹಿಡಿಕೆಯ ತೂತುಗಳಿಗೆ ಎರಡು ಪದರ ಟೇಪ್ ಹಾಕಿ, ನಾನೇ ಅದರೊಳಗೆ ತಲೆ ತೂರಿಸಿ ಹತ್ತು ನಿಮಿಷ ಕುಳಿತು ಬೆಳಕು ಎಲ್ಲಿ ನುಸುಳುತ್ತದೆಂದು ನೋಡಿದೆ. ತಳದ ಒಂದು ಮೂಲೆಯಲ್ಲಿ ಸೂಜಿಯಷ್ಟು ಬಿರುಕು ಸಿಕ್ಕಿತು. ಸಂಜೆ ಆರಕ್ಕೆ ಮುಚ್ಚುವುದು, ಬೆಳಿಗ್ಗೆ ಎಂಟಕ್ಕೆ ತೆಗೆದು ಪೂರ್ವದ ಬಿಸಿಲಿಗೆ ಇಡುವುದು: ಹದಿನಾಲ್ಕು ಗಂಟೆ ಕತ್ತಲೆ, ಹತ್ತು ಗಂಟೆ ಬೆಳಕು. ಬೆಳಿಗ್ಗೆಯ ಕೆಲಸ ನನ್ನದು. ಸಂಜೆ ನಾನು ಮನೆಯಲ್ಲಿರುವುದಿಲ್ಲವಾದ್ದರಿಂದ ಅತ್ತೆಯವರು ಅದನ್ನು ವಹಿಸಿಕೊಂಡರು. ಅವರು ದೇವರ ಮುಂದೆ ದೀಪ ಹಚ್ಚುವ ಹೊತ್ತೇ ಆರು ಗಂಟೆ. ದೀಪ ಹಚ್ಚಿ, ಕೈಮುಗಿದು, ನೇರವಾಗಿ ಬಂದು ಪೆಟ್ಟಿಗೆ ಮುಚ್ಚುವರು. ಹತ್ತು ವಾರಗಳಲ್ಲಿ ಅವರು ತಪ್ಪಿಸಿದ್ದು ಒಂದೇ ದಿನ, ನವರಾತ್ರಿಯಲ್ಲಿ ಬೊಂಬೆ ನೋಡಲು ಹೋಗಿ ತಡವಾದಾಗ. ಮರುದಿನ ಬೆಳಿಗ್ಗೆ ಎದ್ದವರೇ, “ನಿನ್ನೆ ಗಿಡ ಮುಚ್ಚೋದು ಮರೆತೆ ಕಣಪ್ಪ, ಏನಾದ್ರೂ ಆಗತ್ತಾ?” ಎಂದು ಕೇಳಿದರು. ಒಂದು ರಾತ್ರಿಯಿಂದ ಹೆಚ್ಚಿನ ಹಾನಿಯಾಗದು. ಮೇಲಿಂದ ಮೇಲೆ ತಪ್ಪಿದರೆ ಮಾತ್ರ ಕೆಂಪು ಹಿಂದೆ ಬೀಳುತ್ತದೆ.

ಕತ್ತಲೆಯ ಜೊತೆಗೆ ತಂಪೂ ಬೇಕು. ರಾತ್ರಿಯ ಉಷ್ಣಾಂಶ 16ರಿಂದ 21 ಡಿಗ್ರಿಯ ಒಳಗಿದ್ದರೆ ಗಿಡ ಸಲೀಸಾಗಿ ಹೂವಿಗೆ ತಿರುಗುತ್ತದೆ, 23 ದಾಟಿದರೆ ತಡಮಾಡುತ್ತದೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನ ಅಕ್ಟೋಬರ್ ರಾತ್ರಿಗಳು ಇದಕ್ಕೆ ಹೊಂದುತ್ತವೆ. ಮಂಗಳೂರು, ಉಡುಪಿ, ಕಾರವಾರದವರು ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿಡದೆ ರಾತ್ರಿ ಗಾಳಿ ಆಡುವ ಜಾಗದಲ್ಲಿಟ್ಟು, ಬಣ್ಣ ಸ್ವಲ್ಪ ತಡವಾಗಿ ಬರುತ್ತದೆಂದು ಕಾಯಬೇಕಾಗುತ್ತದೆ.

ಅಕ್ಟೋಬರ್ 29ರ ಬೆಳಿಗ್ಗೆ ಪೆಟ್ಟಿಗೆ ಎತ್ತಿದಾಗ ತುದಿಯ ಎಳೆಯ ಎಲೆಯೊಂದರ ತೊಟ್ಟಿನ ಬಳಿ, ನಡುನರದ ಎರಡು ಪಕ್ಕದಲ್ಲಿ, ಕುಂಕುಮ ಸೋಕಿದಂತಹ ಬಣ್ಣ ಕಂಡಿತು. ಕೆಂಪು ನರದಿಂದ ಅಂಚಿನ ಕಡೆಗೆ ಹರಡುತ್ತದೆ. ಒಂದೇ ಎಲೆಯಲ್ಲಿ ನಾಲ್ಕೈದು ದಿನ ಕೆಂಪು ಹಸಿರು ಎರಡೂ ಇರುತ್ತವೆ. ಆ ವಾರವೇ ದೀಪಾವಳಿ. ಬಾಲ್ಕನಿಯ ಅಂಚಿನುದ್ದಕ್ಕೂ ಹಣತೆ, ಎದುರು ಮನೆಯ ತುಂಬ ವಿದ್ಯುತ್ ಸರಗಳು. ಪೆಟ್ಟಿಗೆಯ ಮೇಲೆ ಒಂದು ಕಂಬಳಿಯನ್ನೂ ಹೊದಿಸಿದೆವು. ನವೆಂಬರ್ ನಡುವಿನಿಂದ ಗೊಬ್ಬರ ಅರ್ಧಕ್ಕೆ ಇಳಿಸಿ, ತಿಂಗಳ ಕೊನೆಗೆ ಪೂರ್ತಿ ನಿಲ್ಲಿಸಿದೆ.

ಡಿಸೆಂಬರ್: ಬಣ್ಣ, ಮತ್ತು ಕೊನೆಯ ಒಂದು ತೊಂದರೆ

ಫೆಂಜಲ್ ಚಂಡಮಾರುತದಿಂದಾಗಿ ಡಿಸೆಂಬರ್ ಮೊದಲ ದಿನಗಳಲ್ಲಿ ಬೆಂಗಳೂರಿನಲ್ಲಿ ಬಿಡದೆ ಜಿಟಿಜಿಟಿ ಮಳೆ ಹಿಡಿದಿತ್ತು. ಡಿಸೆಂಬರ್ 4ರಂದು ಎರಡು ಕೆಂಪು ಎಲೆಗಳ ಮೇಲೆ ನೀರು ಹೀರಿದಂತಹ ಕಂದು ಮಚ್ಚೆಗಳು, ಒಂದರ ಮೇಲೆ ಬೂದು ಬಣ್ಣದ ತೆಳ್ಳನೆಯ ಬೂಷ್ಟು ಕಂಡವು. ಬಾಟ್ರೈಟಿಸ್ ಎಂಬ ಶಿಲೀಂಧ್ರದ ಕೆಲಸವಿದು. ತೇವ ಗಾಳಿಯಲ್ಲಿ ಬಣ್ಣದ ಎಲೆಗಳ ಮೇಲೆ ಬೇಗ ಹರಡುತ್ತದೆ. ಆ ಎಲೆಗಳನ್ನು ಕಿತ್ತು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ, ಗಿಡವನ್ನು ಒಳಗೆ ತಂದು, ದೂರದಿಂದ ಫ್ಯಾನಿನ ಮೆಲುಗಾಳಿ ಬೀಳುವಂತೆ ಇಟ್ಟೆ. ಬಣ್ಣ ಬಂದ ಮೇಲೆ ಎಲೆಗಳಿಗೆ ನೀರು ಚಿಮುಕಿಸುವುದು ತಪ್ಪು; ಹಾಗೆಯೇ ಮಾಗಿದ ಬಾಳೆಹಣ್ಣು, ಪರಂಗಿಹಣ್ಣುಗಳ ಬುಟ್ಟಿಯ ಪಕ್ಕದಲ್ಲಿ ಗಿಡ ಇಡುವುದೂ ತಪ್ಪು, ಏಕೆಂದರೆ ಹಣ್ಣು ಬಿಡುವ ಎಥಿಲೀನ್ ಅನಿಲ ಎಲೆಯನ್ನು ಬಾಗಿಸಿ ಉದುರಿಸುತ್ತದೆ. ತೊಂದರೆ ಎರಡು ಎಲೆಗಳಿಗೇ ನಿಂತಿತು.

ಡಿಸೆಂಬರ್ 8ಕ್ಕೆ ತಾಯಿಗಿಡದ ಹನ್ನೊಂದು ತುದಿಗಳೂ ಪೂರ್ತಿ ಕೆಂಪಾಗಿದ್ದವು. ಅಂದಿನಿಂದ ಪೆಟ್ಟಿಗೆ ನಿಲ್ಲಿಸಿದೆ. ಬಣ್ಣ ಒಮ್ಮೆ ತುಂಬಿದ ಮೇಲೆ ಕತ್ತಲೆಯ ಕಟ್ಟುಪಾಡು ಬೇಕಿಲ್ಲ. ಹಿಂದಿನ ಯುಟಿಲಿಟಿಯ ಮರಿ ಯಾವ ಪೆಟ್ಟಿಗೆಯೂ ಇಲ್ಲದೆ ನವೆಂಬರ್ ಕೊನೆಗೆ ಕೆಂಪು ತೋರಿ, ಡಿಸೆಂಬರ್ 20ರ ವೇಳೆಗೆ ತುಂಬಿಕೊಂಡಿತು. ಬೆಂಗಳೂರಿನಂತಹ ಊರಿನಲ್ಲಿ ನಿಜವಾಗಿಯೂ ಕತ್ತಲಿರುವ ಮೂಲೆ ಇದ್ದರೆ ಪೆಟ್ಟಿಗೆ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಮುಂದಿನ ಬಾಲ್ಕನಿಯ ಮರಿಯನ್ನು ನೋಡಲು ಅಕ್ಕಪಕ್ಕದವರೂ ಬಂದರು. ಅದರಲ್ಲಿ ಐದು ಕೊಂಬೆಗಳು. ಬೀದಿ ದೀಪಕ್ಕೆ ಮುಖ ಮಾಡಿದ್ದ ಮೂರು ಕೊಂಬೆಗಳು ಜುಲೈ ತಿಂಗಳಿನಂತೆಯೇ ಹಸಿರಾಗಿದ್ದವು. ಬಾಲ್ಕನಿಯ ಕಂಬದ ನೆರಳು ಬೀಳುತ್ತಿದ್ದ ಎರಡು ಕೊಂಬೆಗಳ ತುದಿ ಮಾತ್ರ ಕೆಂಪಾಗಿತ್ತು. ರಾತ್ರಿ ಒಂಬತ್ತಕ್ಕೆ ಹೊರಗೆ ನಿಂತು ನೋಡಿದರೆ ಗಿಡದ ಮೇಲೆ ಬಿದ್ದ ನೆರಳಿನ ಗೆರೆ, ಕೆಂಪು ಹಸಿರುಗಳ ನಡುವಿನ ಗೆರೆ ಎರಡೂ ಒಂದೇ ಕಡೆ ಹಾದಿದ್ದವು. ನೀರು ಒಂದೇ, ಮಣ್ಣು ಒಂದೇ, ತಾಯಿಯೂ ಒಂದೇ.

ಡಿಸೆಂಬರ್ 15ರಂದು ಆ ಮರಿಯನ್ನೂ ಯುಟಿಲಿಟಿಗೆ ಸಾಗಿಸಿ, ಸಂಜೆ ಆರರ ಮೇಲೆ ಅಲ್ಲಿನ ದೀಪವನ್ನು ಯಾರೂ ಹಾಕದಂತೆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದೆವು. 2025ರ ಫೆಬ್ರವರಿ 9ರ ಬೆಳಿಗ್ಗೆ ಅತ್ತೆಯವರು ಬಟ್ಟೆ ಒಣಹಾಕಲು ಹೋದವರು ನನ್ನನ್ನು ಕೂಗಿ ಕರೆದರು. ದೀಪದ ಕಡೆಗಿದ್ದ ಮೂರು ಕೊಂಬೆಗಳಲ್ಲಿ ಎರಡರ ತುದಿಯ ಎಲೆಗೆ, ತೊಟ್ಟಿನ ಹತ್ತಿರ, ಕುಂಕುಮದ ಬಣ್ಣ ಹತ್ತಿತ್ತು.